ಹೊಂಡದಡಿಯ ಗೋಣಿ

ಊರಿನ ಮನೆಯ ಹಿತ್ತಲಲ್ಲಿ ನೈದಿಲೆ ಹೊಂಡ ಮಾಡುವ ಹುಚ್ಚು ನನ್ನದು, ಗುದ್ದಲಿ ಅಣ್ಣನದು. ಸಾಗರದ ಕಡೆಯ ನೆಲ, ಎರಡಡಿ ಇಳಿದರೆ ಜಂಬಿಟ್ಟಿಗೆ. ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳ ತೋಡಿ, ಪೇಟೆಯಿಂದ ತಂದ 500 ಮೈಕ್ರಾನಿನ ಕಪ್ಪು ಪಾಲಿಥೀನ್ ಶೀಟು ಹಾಸಿ ನೀರು ಬಿಟ್ಟೆವು. 500 ಮೈಕ್ರಾನ್ ಎಂದು ಅಂಗಡಿಯವನು ಹೇಳುವಾಗ ಕೋಟೆಗೋಡೆಯ ದಪ್ಪ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಅರ್ಧ ಮಿಲಿಮೀಟರ್.

ಮೂರನೆಯ ದಿನ ಬೆಳಿಗ್ಗೆ ಸೊಂಟದ ಮಟ್ಟದ ನೀರು ಮೊಣಕಾಲಿಗೆ ಇಳಿದಿತ್ತು. ಶೀಟು ಎತ್ತಿ ಬಿಸಿಲಿಗೆ ಹಿಡಿದರೆ ಸಾಸಿವೆ ಕಾಳಿನಷ್ಟು ಒಂದು ಬೆಳಕು. ಅದರ ನೇರಕ್ಕೆ ಕೆಳಗೆ ಜಂಬಿಟ್ಟಿಗೆಯ ಒಂದು ಮೊನೆ. ಕಲ್ಲನ್ನು ಬೈದೆ. ಅದೇನು ಮಾಡೀತು ಪಾಪ, ಇದ್ದಲ್ಲೇ ಇತ್ತು. ಅದರ ಮೇಲೆ ಹೋಗಿ ಕೂತದ್ದು ನೀರು. ಆ ಪುಟ್ಟ ಹೊಂಡದಲ್ಲೂ ಐದು ಸಾವಿರ ಲೀಟರ್, ಅಂದರೆ ಐದು ಟನ್ ಭಾರ.

"ಮಗೂನ ಬರೀ ನೆಲದ ಮೇಲೆ ಮಲಗಿಸ್ತಾರಾ ಯಾರಾದ್ರೂ?" ಎಂದರು ಅತ್ತಿಗೆ, ದನಕ್ಕೆ ಹುಲ್ಲು ಹಾಕಿ ಬರುತ್ತಾ. ಕೃಷಿ ಹೊಂಡ ಮಾಡಿಸಿದವರ ಮನೆಗಳಲ್ಲಿ ಅವರು ಇದನ್ನೆಲ್ಲ ನೋಡಿದ್ದರು. ನಾನು ಪುಸ್ತಕ ಓದಿದ್ದೆ.

ಸರಿ, ಕಲ್ಲು ಹೆರೆದು, ಬೇರು ಕತ್ತರಿಸಿ, ತಳಕ್ಕೆ ಜರಡಿ ಹಿಡಿದ ಮರಳು ಎರಡಿಂಚು ಹರಡಿದೆವು. ಆದರೆ ಮರಳು ತಳದಲ್ಲಿ ನಿಂತೀತು, ಗೋಡೆಯಲ್ಲಿ ನಿಲ್ಲುತ್ತದೆಯೇ? ಅಟ್ಟದಿಂದ ಗೋಣಿಚೀಲ ಇಳಿದದ್ದು ಆಗ. ಹೊಲಿಗೆ ಬಿಚ್ಚಿ, ಅಂಚನ್ನು ದಂಡೆಯ ಮಣ್ಣಿನಲ್ಲಿ ಹೂತು, ಎರಡು ಪದರವಾಗಿ ಇಳಿಬಿಟ್ಟೆವು.

ಗೋಣಿ ಕೊಡವಿದಾಗ ಎದ್ದ ಆ ವಾಸನೆ! ಒಣ ದೂಳು, ಹಳೆಯ ಅಡಿಕೆ, ಅದರಡಿಯಲ್ಲಿ ಸೀಮೆಎಣ್ಣೆಯಂಥದ್ದೇನೋ. ನನಗೆ ಅದು ಜೂನ್ ತಿಂಗಳ ವಾಸನೆ. ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತೂರಿಸಿದರೆ ಕೊಪ್ಪೆ. ತಲೆಗೆ ಹಾಕಿಕೊಂಡು ಶಾಲೆಗೆ ಓಡಿದರೆ ಅರ್ಧ ದಾರಿಯವರೆಗೆ ಮಳೆ ಹೊರಗೆ, ಆಮೇಲೆ ಒಳಗೂ ಹೊರಗೂ. ಶಾಲೆಯಲ್ಲಿ ಕೂರಲು ಮತ್ತೆ ಗೋಣಿತಾಟು.

ಆ ಎಣ್ಣೆಯ ವಾಸನೆಗೂ ಒಂದು ಕಥೆಯಿದೆ. ಬಂಗಾಳದ ಸೆಣಬು ಒಣಕಲು ನಾರು, ಯಂತ್ರಕ್ಕೆ ಹಾಕಿದರೆ ಮುರಿಯುತ್ತಿತ್ತು. ಸ್ಕಾಟ್ಲೆಂಡಿನ ಡಂಡೀ ಊರು ತಿಮಿಂಗಿಲ ಬೇಟೆಯ ಬಂದರು. ಅಲ್ಲಿನ ಗಿರಣಿಯವರು ತಿಮಿಂಗಿಲದ ಎಣ್ಣೆ, ನೀರು ಬೆರೆಸಿ ನಾರನ್ನು ಮೆತ್ತಗೆ ಮಾಡಿದರು, 19ನೆಯ ಶತಮಾನದಲ್ಲಿ ಜಗತ್ತಿಗೇ ಚೀಲ ಹೊಲಿದರು. 1855ರಲ್ಲಿ ಕಲ್ಕತ್ತೆಯ ಬಳಿ ರಿಷ್ರಾದಲ್ಲಿ ಗಿರಣಿ ಶುರುವಾಗಿ, ಕಸುಬು ನಿಧಾನಕ್ಕೆ ನಾರು ಬೆಳೆಯುವ ಕಡೆಗೇ ಹರಿದುಬಂತು. ತಿಮಿಂಗಿಲದ ಎಣ್ಣೆಯ ಜಾಗಕ್ಕೆ ಖನಿಜ ತೈಲ ಬಂತು, ನನ್ನ ಕೊಪ್ಪೆಗೆ ಆ ವಾಸನೆಯೂ ಬಂತು. ಗಿರಣಿಗೆ ಮೊದಲು ನಮ್ಮಲ್ಲಿ ಗೋಣಿ ಇರಲಿಲ್ಲವೆಂದಲ್ಲ. ಈಗ ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್ಪಸೆಣಬಿನ ನಾರಿನಿಂದಲೇ ಗೋಣಿಗರು ಕೈಮಗ್ಗದಲ್ಲಿ ನೇಯುತ್ತಿದ್ದರು. ಇಂಗ್ಲಿಷರ 'ಗನ್ನಿ' ಇಲ್ಲಿನ ಗೋಣಿಯೇ. ಇದರ ಮುಂದೆ ಪಾಲಿಥೀನ್ ನಿನ್ನೆ ಮೊನ್ನೆಯ ಕೂಸು: 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನ ಪ್ರಯೋಗಾಲಯವೊಂದರಲ್ಲಿ, ಬೇರೇನೋ ಮಾಡಹೊರಟವರಿಗೆ ಸಿಕ್ಕ ಬಿಳಿ ಮೇಣ. ಹಿರಿಯನನ್ನು ಅಡಿಗೆ ಹಾಸಿ ಕಿರಿಯನನ್ನು ಮೇಲೆ ಮಲಗಿಸಿದ್ದೆವು.

ಎರಡು ಮಳೆಗಾಲ ಹೊಂಡ ತುಂಬಿಯೇ ಇತ್ತು. ನೈದಿಲೆ ಬಿಟ್ಟಿತು, ಕಪ್ಪೆ ಬಂದವು, ಕಪ್ಪೆ ಹುಡುಕಿ ಕೇರೆಯೂ ಬಂತು. ಮೂರನೆಯ ಬೇಸಿಗೆಯಲ್ಲಿ ಗೋಡೆಯ ಶೀಟು ಅಲ್ಲಲ್ಲಿ ಹಪ್ಪಳದಂತೆ ಉಬ್ಬತೊಡಗಿತು. ಅಡಿಯಲ್ಲಿ ಗೋಣಿ ಕೊಳೆತು ಗಾಳಿ ಕಟ್ಟಿತ್ತು. ದಂಡೆಯ ಒಣ ಭಾಗ ಒರಲೆಯ ಪಾಲು. ಶೀಟು ಸರಿಸಿದರೆ ಗೋಣಿಯ ಜಾಗದಲ್ಲಿ ಕರಿ ಲೋಳೆ, ಮಣ್ಣಿನ ಮೇಲೆ ಅಚ್ಚೊತ್ತಿದ ನೇಯ್ಗೆಯ ಗುರುತು ಮಾತ್ರ.

ಕೊಳೆಯದ ಹಾಸಿಗೆ ಬೇಕಿತ್ತು. ಗೋಡೆಗೆ ಕಂಬಳಿಯಂತಿರುವ ಪಾಲಿಯೆಸ್ಟರ್ ಬಟ್ಟೆ ತಂದೆ. ಜಿಯೋಟೆಕ್ಸ್‌ಟೈಲ್ ಎಂದು ಅದರ ಹೆಸರು, ಹೆಸರಿಗೆ ತಕ್ಕ ಬೆಲೆ. ತಳಕ್ಕೂ ಅದೇ ಕೊಳ್ಳಲು ಅಣ್ಣನ ಮನಸ್ಸು ಒಪ್ಪಲಿಲ್ಲ. ಹೋಗಿ, ಚುನಾವಣೆ ಮುಗಿದ ಮೇಲೆ ಸುತ್ತಿ ಬಿಸಾಕಿದ್ದ ಫ್ಲೆಕ್ಸುಗಳನ್ನು ಹೊತ್ತು ತಂದ. ಅದು ಮೆತ್ತೆಯಲ್ಲ, ಮರಳಿನ ಮೇಲೆ ಮೂರು ಮಡಿಕೆ ಹಾಸಿದರೆ ಮೊನೆಯನ್ನಂತೂ ತಡೆಯುತ್ತದೆ.

"ಮುಖ ಮೇಲೆ ಬರಬೇಕಾ, ಕೆಳಗಾ?" ಎಂದು ಅತ್ತಿಗೆ ಕೇಳಿದರು.

"ಕೆಳಗೇ ಇರ್ಲಿ," ಅಂದ ಅಣ್ಣ. "ಇಲ್ದಿದ್ರೆ ಇರೋ ನೀರನ್ನೂ ಕುಡಿದಾರು."

ಅಟ್ಟದಲ್ಲಿ ಇನ್ನೂ ಎರಡು ಗೋಣಿ ಉಳಿದಿದ್ದವು. ಗೊಬ್ಬರದ ಗುಂಡಿಗೆ ಹಾಕಹೋದವನ ಕೈಯಿಂದ ಅಮ್ಮ ಕಿತ್ತುಕೊಂಡಳು. ಮಳೆಗಾಲ ಬಂತಲ್ಲ, ಕಾಲೊರೆಸಲು ಬಾಗಿಲಿಗೆ ಬೇಕಂತೆ.