ಬಂದರಿನಿಂದ ಊರಿಗೆ

ಹಡಗಿನ ಪ್ರಯಾಣವೆಂದರೆ ನಮ್ಮ ಮನೆಗಳಲ್ಲಿ ಹಿಂದೆಲ್ಲ ಹಜ್ ಯಾತ್ರೆ ಎಂದೇ ಅರ್ಥ. ಹಿರಿಯರು ಸಾಲ ತೀರಿಸಿ, ನೆಂಟರಿಷ್ಟರಲ್ಲಿ ಮಾಫಿ ಕೇಳಿ, ಕಫನ್ ಬಟ್ಟೆಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಮುಂಬಯಿಗೆ ರೈಲು ಹತ್ತುತ್ತಿದ್ದರು. ಅಲ್ಲಿಂದ ಜಿದ್ದಾಕ್ಕೆ ಹಡಗು. 1995ರಲ್ಲಿ ಆ ಹಡಗುಗಳು ನಿಂತುಹೋದವು. ಈಗ ಹಡಗು ಎಂದರೆ ಹಣವಿದ್ದವರು ಮೋಜಿಗಾಗಿ ಸುತ್ತುವ ತೇಲುವ ಹೋಟೆಲು. ಅಂಥದೊಂದರಲ್ಲಿ ನಾವು ಗಂಡ ಹೆಂಡತಿ ಕಾಲಿಡಲು ಕಾರಣ ಹಣವಲ್ಲ, ಅಕ್ಕನ ಮಗ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗ 2019ರಿಂದ ಹಡಗುಗಳ ಅಡುಗೆಮನೆಯಲ್ಲಿ ದುಡಿಯುತ್ತಿದ್ದಾನೆ. ಕೆಲಸಗಾರರ ಮನೆಯವರಿಗೆ ಕಂಪನಿ ಕೊಡುವ ರಿಯಾಯಿತಿಯಲ್ಲಿ 2023ರ ಅಕ್ಟೋಬರಿನಲ್ಲಿ ಅವನು ನಮ್ಮನ್ನು ಬಾರ್ಸಿಲೋನಾದಿಂದ ಹತ್ತಿಸಿಕೊಂಡ.

ಈ ಹಡಗುಗಳ ಒಂದು ವಿಚಿತ್ರವೆಂದರೆ, ಅವು ಊರಿಗೆ ಕರೆದೊಯ್ಯುತ್ತೇವೆ ಎನ್ನುತ್ತವೆ, ಆದರೆ ತಂದು ನಿಲ್ಲಿಸುವುದು ಊರಿನ ಹೊರಗೆ. ನಮ್ಮ ಕಾಗದದಲ್ಲಿ ‘ಮಾರ್ಸೇಯ್, ಪ್ರೊವಾನ್ಸ್’ ಎಂದಿತ್ತು. ಬೆಳಿಗ್ಗೆ ಎದ್ದು ಕಿಟಕಿಯಲ್ಲಿ ನೋಡಿದರೆ ಕಂಡದ್ದು ಗೋದಾಮುಗಳು, ಕ್ರೇನುಗಳು, ತಂತಿಬೇಲಿ. ಮಾರ್ಸೇಯ್ ಫ್ರಾನ್ಸಿನ ದೊಡ್ಡ ಬಂದರು. ದೊಡ್ಡ ಹಡಗುಗಳು ನಿಲ್ಲುವ ಕಟ್ಟೆ ನಗರದ ಉತ್ತರಕ್ಕೆ, ಹಳೆಯ ಬಂದರಿನಿಂದ ಏಳೆಂಟು ಕಿಲೋಮೀಟರ್ ದೂರ. ನಾವು ನೋಡಬೇಕೆಂದಿದ್ದ ಊರು ಇನ್ನೂ ಆಚೆ, ಮೂವತ್ತು ಕಿಲೋಮೀಟರ್ ಉತ್ತರಕ್ಕಿರುವ ಎಕ್ಸ್-ಆನ್-ಪ್ರೊವಾನ್ಸ್. ಅದನ್ನು ಅಲ್ಲಿಯವರು ಬರೀ ಎಕ್ಸ್ ಎನ್ನುತ್ತಾರೆ.

ಎಕ್ಸ್‌ಗೆ ಹಡಗಿನವರದೇ ಬಸ್ಸು ಇತ್ತು. ಕೋಲಿಗೆ ನಂಬರು ಕಟ್ಟಿ ಎತ್ತಿ ಹಿಡಿದವರ ಹಿಂದೆ ನಲವತ್ತು ಜನ ನಡೆಯಬೇಕು. ಅವರು ಹೇಳಿದಲ್ಲಿ ನಿಲ್ಲಬೇಕು, ಹೇಳಿದ ಅಂಗಡಿಯಲ್ಲಿ ಕೊಳ್ಳಬೇಕು. ಅದರ ಚಾರ್ಜು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ಕೌಂಟರಿನಲ್ಲಿದ್ದವರು ನಗುನಗುತ್ತಲೇ ಒಂದು ಮಾತು ಸೇರಿಸಿದರು: ನಮ್ಮ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನೀವಾಗಿಯೇ ಹೋಗಿ ತಡವಾದರೆ ಕಾಯುವುದಿಲ್ಲ. ಮಾತು ಸುಳ್ಳಲ್ಲ. ಆದರೆ ಅವರು ಮಾರುತ್ತಿದ್ದ ಟಿಕೆಟಿನಲ್ಲಿ ಅರ್ಧ ಬಸ್ಸಿನ ಬೆಲೆ, ಇನ್ನರ್ಧ ಆ ಹೆದರಿಕೆಯ ಬೆಲೆ ಎಂದು ನಮಗೆ ಅನಿಸಿತು. ನಾವಾಗಿಯೇ ಹೋಗುವುದೆಂದು ತೀರ್ಮಾನಿಸಿದೆವು.

ಹಿಂದಿನ ರಾತ್ರಿ ಹುಡುಗನನ್ನು ದಾರಿ ಕೇಳಿದೆವು. ಏಪ್ರಿಲಿನಿಂದ ಅವನ ಹಡಗು ವಾರಕ್ಕೊಮ್ಮೆ ಮಾರ್ಸೇಯ್‌ಗೆ ಬರುತ್ತಿತ್ತು. ಇಪ್ಪತ್ತೈದು ಸಲವಾದರೂ ಬಂದಿದ್ದಾನೆ. ಅವನು ತಲೆ ಕೆರೆದುಕೊಂಡು, “ಖಾಲಾ, ಗೇಟಿನ ತನಕ ಹೇಳ್ತೀನಿ. ನೆಲದ ಮೇಲೆ ಹಸಿರು ಗೆರೆ ಎಳೆದಿದ್ದಾರೆ, ಅದನ್ನೇ ಹಿಡಿದು ಹೋಗಿ. ಗೇಟಿನಾಚೆ ನನಗೂ ಗೊತ್ತಿಲ್ಲ” ಎಂದ.

ದಾರಿ ಹೀಗಿದೆ. ಹಡಗಿನ ಕಾರ್ಡು, ಪಾಸ್‌ಪೋರ್ಟು ಕೈಯಲ್ಲಿರಬೇಕು. ನಮ್ಮಂಥವರಿಗೆ ಷೆಂಗೆನ್ ವೀಸಾ ಮೊದಲೇ ಆಗಿರಬೇಕು. ಹಸಿರು ಗೆರೆಯ ಮೇಲೆ ಇಪ್ಪತ್ತು ನಿಮಿಷ ನಡೆದರೆ ಬಂದರಿನ ಗೇಟು. ಹೊರಗೆ ರಸ್ತೆಯಲ್ಲಿ 35ನೇ ನಂಬರಿನ ಸಿಟಿ ಬಸ್ಸು ಸಿಗುತ್ತದೆ, ಅದು ಜೋಲಿಯೆಟ್ ಎಂಬಲ್ಲಿಗೆ ಒಯ್ಯುತ್ತದೆ. ಅಲ್ಲಿ ನೆಲದಡಿಯ ಮೆಟ್ರೋ ಹತ್ತಿ ಎರಡನೆಯ ನಿಲ್ದಾಣದಲ್ಲಿ ಇಳಿದರೆ ಸೆಂ ಶಾರ್ಲ್ ರೈಲು ನಿಲ್ದಾಣ. ಪಕ್ಕದಲ್ಲೇ ಬಸ್ ನಿಲ್ದಾಣ. ಎಕ್ಸ್‌ಗೆ ಹೋಗುವ 50ನೇ ಸಾಲಿನ ಬಸ್ಸುಗಳು ಒಂದರ ಬೆನ್ನಿಗೆ ಒಂದು ಹೊರಡುತ್ತಿರುತ್ತವೆ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯ ಒಳಗಿನ ದಾರಿ. ರೈಲೂ ಇದೆ, ಆದರೆ ಎಚ್ಚರವಿರಲಿ: ವೇಗದ ರೈಲು ನಿಲ್ಲುವ ಎಕ್ಸ್ ಟಿಜಿವಿ ನಿಲ್ದಾಣ ಊರಿನಿಂದ ಬಹಳ ದೂರ ಬಯಲಿನಲ್ಲಿದೆ. ಊರಿನೊಳಗಿನ ನಿಲ್ದಾಣಕ್ಕೆ ಹೋಗುವ ರೈಲನ್ನೇ ಕೇಳಿ ಹತ್ತಬೇಕು. ಎಲ್ಲ ಸೇರಿ ನಮಗೆ ತಗುಲಿದ್ದು ಹಡಗಿನವರ ದರದ ಅರ್ಧಕ್ಕಿಂತ ಬಹಳ ಕಡಿಮೆ.

ಹೊರಡುವ ಮುಂಚೆ ಊರಿನಲ್ಲಿ ಕೆಲವರು ನಮ್ಮನ್ನು ಹೆದರಿಸಿದ್ದರು. ಫ್ರಾನ್ಸಿನಲ್ಲಿ ತಲೆಯ ಮೇಲಿನ ದುಪಟ್ಟಾ ತೆಗೆಸುತ್ತಾರಂತೆ, ಒಬ್ಬರೇ ಓಡಾಡಬೇಡಿ ಎಂದಿದ್ದರು. ಅಲ್ಲಿ 2004ರ ಕಾನೂನು ಸರ್ಕಾರಿ ಶಾಲೆಗಳ ಮಕ್ಕಳಿಗೆ ಸಂಬಂಧಿಸಿದ್ದು. 2011ರಿಂದ ಜಾರಿಯಲ್ಲಿರುವ ಇನ್ನೊಂದು ಕಾನೂನು ಸಾರ್ವಜನಿಕ ಜಾಗದಲ್ಲಿ ಮುಖ ಮುಚ್ಚುವುದನ್ನು ತಡೆಯುತ್ತದೆ. ಬೀದಿಯಲ್ಲಿ, ಬಸ್ಸಿನಲ್ಲಿ ತಲೆಗೆ ಬಟ್ಟೆ ಹೊದೆಯಲು ಅಡ್ಡಿಯಿಲ್ಲ. ಈ ಕಾನೂನುಗಳ ಬಗ್ಗೆ ನಮಗೆ ನಮ್ಮದೇ ಆದ ಮಾತುಗಳಿವೆ, ಅದು ಬೇರೆ ವಿಷಯ. ಆದರೆ 35ನೇ ನಂಬರಿನ ಬಸ್ಸು ಹತ್ತಿದಾಗ ಒಳಗಿದ್ದ ಹೆಂಗಸರಲ್ಲಿ ಹಲವರ ತಲೆಯ ಮೇಲೆ ಬಟ್ಟೆ ಇತ್ತು. ಯಾರೂ ನಮ್ಮನ್ನು ತಿರುಗಿ ನೋಡಲಿಲ್ಲ.

ತಿರುಗಿ ನೋಡಿದವರು ಒಬ್ಬರೇ, ಊರುಗೋಲು ಹಿಡಿದು ಕೂತಿದ್ದ ಒಬ್ಬ ಹಿರಿಯರು. ನಮ್ಮ ಕೈಯಲ್ಲಿದ್ದ ನಕ್ಷೆ ನೋಡಿ ಸಲಾಮ್ ಹೇಳಿದರು. ಅವರದು ಅಲ್ಜೀರಿಯಾ. ಅವರಿಗೆ ಫ್ರೆಂಚ್, ಅರಬ್ಬಿ ಬಿಟ್ಟರೆ ಬೇರೆ ಬಾರದು. ನಮಗೆ ಅವೆರಡೂ ಬಾರವು. ಆದರೆ ಉರ್ದು ಶಾಲೆಯಲ್ಲಿ ಕಲಿತ ಪದಗಳು ಎಲ್ಲಿ ಕೆಲಸಕ್ಕೆ ಬರುತ್ತವೆ ಎಂದು ಹೇಳಲಾಗದು. ‘ಸಫೀನಾ’ ಎಂದೆವು, ಹಡಗು ಎಂದು ಅವರಿಗೆ ತಿಳಿಯಿತು. ‘ಮದೀನಾ’ ಎಂದೆವು, ಊರು ಎಂದು ತಿಳಿಯಿತು. ಅವರು ಮಣಿಕಟ್ಟು ತಟ್ಟಿ ‘ಸಾಅ?’ ಎಂದು ಕೇಳಿದರು. ಎಷ್ಟು ಗಂಟೆಗೆ ಹಡಗು ಎಂದು ಅರ್ಥವಾಗಿ ಐದು ಬೆರಳು ತೋರಿಸಿದೆವು. ಅವರು ತಮ್ಮ ಬೆರಳುಗಳಲ್ಲಿ ಹಿಂದಕ್ಕೆ ಲೆಕ್ಕ ಹಾಕಿ, ಎರಡು ಗಂಟೆಗೆ ಎಕ್ಸ್ ಬಿಡಿ ಎಂದು ತೋರಿಸಿಕೊಟ್ಟರು. ಬಸ್ಸಿನ ಕಿಟಕಿಯಾಚೆ ಕ್ರೇನುಗಳತ್ತ ಕೈ ಮಾಡಿ, ಎರಡೂ ಅಂಗೈ ಬಿಡಿಸಿ ನಮಗೆ ತೋರಿಸಿದರು. ಆ ಕೈಗಳು ಆ ಬಂದರಿನಲ್ಲೇ ದುಡಿದವು ಎಂದು ತಿಳಿಯಲು ಯಾವ ಭಾಷೆಯೂ ಬೇಕಾಗಲಿಲ್ಲ.

ಜೋಲಿಯೆಟ್‌ನಲ್ಲಿ ಅವರೂ ನಮ್ಮೊಡನೆ ಇಳಿದು ಮೆಟ್ರೋದ ಮೆಟ್ಟಿಲ ತನಕ ಬಂದರು. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳಿಗಾಗಿ ಕಟ್ಟಿದ ಬಂದರುಕಟ್ಟೆ. ಅಲ್ಜೀರಿಯಾ, ಟ್ಯುನೀಷಿಯಾಗಳಿಗೆ ಹೋಗಿಬರುವ ಹಡಗುಗಳು ಒಂದು ಕಾಲದಲ್ಲಿ ಆ ಬದಿಯಲ್ಲೇ ನಿಲ್ಲುತ್ತಿದ್ದವು. ಯುದ್ಧದ ನಂತರ ಫ್ರಾನ್ಸಿನ ಕಾರ್ಖಾನೆಗಳಿಗೆ, ಕಟ್ಟಡಗಳಿಗೆ ಕೈಗಳು ಬೇಕಾದಾಗ ಉತ್ತರ ಆಫ್ರಿಕಾದ ಸಾವಿರಾರು ಗಂಡಸರು ಬಂದು ಇಳಿದದ್ದು ಮಾರ್ಸೇಯ್‌ನಲ್ಲಿ. ಅವರಲ್ಲಿ ಬಹಳ ಜನ ಉಳಿದುಕೊಂಡದ್ದು ಪೋರ್ತ್ ದೆಕ್ಸ್ ಎಂಬ ಕೇರಿಯಲ್ಲಿ. ಹೆಸರಿನ ಅರ್ಥ ‘ಎಕ್ಸ್ ಬಾಗಿಲು’, ಎಕ್ಸ್ ಕಡೆಗಿನ ರಸ್ತೆ ಹೊರಡುತ್ತಿದ್ದ ಜಾಗ. ಅಲ್ಲಿ 1839ರಲ್ಲಿ ಮುಗಿದ ಒಂದು ವಿಜಯ ಕಮಾನು ಇದೆ. ಎಕ್ಸ್‌ನ ಹೆಸರು ಹೊತ್ತ ಆ ಬಾಗಿಲ ಬಳಿಯೇ ಅವರ ಬದುಕು ಕಳೆಯಿತು.

ಸೆಂ ಶಾರ್ಲ್ ನಿಲ್ದಾಣದಲ್ಲಿ ಬಸ್ಸಿಗೆ ಮುಂಚೆ ಹತ್ತು ನಿಮಿಷ ಹೊರಗೆ ಬಂದು ಅದರ ಪ್ರಸಿದ್ಧ ಮೆಟ್ಟಿಲುಗಳನ್ನು ನೋಡಿದೆವು. ನೂರನಾಲ್ಕು ಮೆಟ್ಟಿಲು, 1927ರಲ್ಲಿ ಉದ್ಘಾಟನೆಯಾದದ್ದು. ಇಕ್ಕೆಲಗಳಲ್ಲಿ ಒರಗಿದ ಹೆಂಗಸರ ಕಲ್ಲಿನ ಪ್ರತಿಮೆಗಳಿವೆ. ಒಂದು ಆಫ್ರಿಕಾದ ವಸಾಹತುಗಳಂತೆ, ಇನ್ನೊಂದು ಏಷ್ಯಾದ ವಸಾಹತುಗಳಂತೆ. ಬಂದರಿಗೆ ಬಂದ ಸಂಪತ್ತು ಊರಿನೊಳಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸಂಪತ್ತು ತಂದುಕೊಟ್ಟ ಜನ ಮಾತ್ರ ಕೇಳಬೇಕಾಯಿತು.

ನಮ್ಮವರೂ ಈ ದಡಕ್ಕೆ ಬಂದವರೇ. 1914ರ ಸೆಪ್ಟೆಂಬರಿನಲ್ಲಿ, ಮೊದಲ ಮಹಾಯುದ್ಧ ಶುರುವಾದ ಎರಡು ತಿಂಗಳೊಳಗೆ, ಹಿಂದುಸ್ತಾನದ ಸಿಪಾಯಿಗಳು ಮಾರ್ಸೇಯ್‌ನಲ್ಲಿ ಇಳಿದರು. ಊರಿನ ಜನ ಬೀದಿಯ ಎರಡೂ ಬದಿ ನಿಂತು ಅವರನ್ನು ನೋಡಿದರು. ಅವರು ನಡೆದದ್ದು ಊರಿನೊಳಗೇ, ಆದರೆ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳುವವರು ಬೇರೆಯವರು. ತಿರುಗಿ ಬಾರದ ಕೆಲವರ ಸ್ಮಾರಕ ನಗರದ ಮಜಾರ್ಗ್ ಎಂಬಲ್ಲಿದೆ. ಅದಕ್ಕೂ ಹಿಂದೆ, 1788ರ ಜೂನ್‌ನಲ್ಲಿ, ಇಲ್ಲಿಂದ ಪೂರ್ವಕ್ಕಿರುವ ತೂಲೋನ್ ಬಂದರಿನಲ್ಲಿ ನಮ್ಮ ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳು ಇಳಿದರು: ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮೊಹಮ್ಮದ್ ಉಸ್ಮಾನ್ ಖಾನ್. ಪಾಂಡಿಚೇರಿ ಬಿಟ್ಟು ಆಗಲೇ ಹನ್ನೊಂದು ತಿಂಗಳು ಕಳೆದಿತ್ತು. ಅವರು ದೊರೆಯ ಅತಿಥಿಗಳು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರಿಗೆ ದರ್ಶನ ಕೊಟ್ಟ. ಮರ್ಯಾದೆ ಸಿಕ್ಕಿತು, ಕೇಳಿದ ಸೈನ್ಯ ಸಿಗಲಿಲ್ಲ. ಬಂದರಿನಿಂದ ಅರಮನೆಯವರೆಗೂ ಬಾಗಿಲು ತೆರೆದುಕೊಂಡರೂ ಬಂದ ಕೆಲಸ ಆಗದೆ ಹೋಗಬಹುದು.

ಎಕ್ಸ್ ಬಗ್ಗೆ ಬಹಳ ಹೇಳುವುದಿಲ್ಲ. ಅದು ನೀರಿನ ಊರು. ಬಿಸಿನೀರಿನ ಬುಗ್ಗೆಗಳನ್ನು ಕಂಡು ರೋಮನ್ನರು ಕ್ರಿಸ್ತಪೂರ್ವ 122ರಲ್ಲಿ ಕಟ್ಟಿದ್ದು. ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ದೊಡ್ಡ ಕಾರಂಜಿ, ಅಲ್ಲಿಂದ ಶುರುವಾಗುವ ಕೂರ್ ಮಿರಾಬೊ ಎಂಬ ರಾಜಬೀದಿ, ಎರಡೂ ಕಡೆ ಮರಗಳ ಸಾಲು. ನಡುವೆ ಪಾಚಿ ಮುಚ್ಚಿ ಪೊದೆಯಂತಾದ ಒಂದು ಕಾರಂಜಿಯ ನೀರಿಗೆ ಕೈಯೊಡ್ಡಿದರೆ ಬೆಚ್ಚಗಿತ್ತು. ಚಿತ್ರಕಾರ ಸೆಜಾನ್ 1839ರಲ್ಲಿ ಹುಟ್ಟಿ 1906ರಲ್ಲಿ ಸತ್ತದ್ದು ಇದೇ ಊರಿನಲ್ಲಿ. ಊರಾಚೆಯ ಸೆಂತ್ ವಿಕ್ತ್ವಾರ್ ಬೆಟ್ಟವನ್ನು ಆತ ಮತ್ತೆ ಮತ್ತೆ ಬರೆದ. ಫ್ರೆಂಚರ ವಸಾಹತುಗಳ ದಾಖಲೆಗಳನ್ನು ಇಟ್ಟಿರುವ ಸರ್ಕಾರಿ ಭಂಡಾರವೂ 1966ರಿಂದ ಎಕ್ಸ್‌ನಲ್ಲಿದೆ. ಪಾಂಡಿಚೇರಿ, ಮಾಹೆಗಳ ಕಾಗದಗಳು ಅಲ್ಲಿವೆ. ಅದರ ಬಾಗಿಲು ಬಡಿಯಲು ಒಂದು ಮಧ್ಯಾಹ್ನ ಸಾಲದು. ಸಂತೆಯಲ್ಲಿ ರೊಟ್ಟಿ, ಆಲಿವ್, ದ್ರಾಕ್ಷಿ ಕೊಂಡು ಮರದ ಕೆಳಗೆ ಕೂತು ತಿಂದೆವು. ನಮ್ಮನ್ನು ಕರೆಯುವ ಕೋಲಾಗಲೀ ನಂಬರಾಗಲೀ ಇರಲಿಲ್ಲ. ಬಾದಾಮಿ ಮತ್ತು ಸಕ್ಕರೆಪಾಕದ ಕರ್ಬೂಜ ಅರೆದು ಮಾಡುವ, ನಮ್ಮ ಬಾದಾಮಿ ಬರ್ಫಿಯನ್ನು ನೆನಪಿಸುವ ಕಾಲಿಸೋಂ ಎಂಬ ಸಿಹಿ ಆ ಊರಿನ ಹೆಮ್ಮೆ. ಹುಡುಗನಿಗೆಂದು ಒಂದು ಡಬ್ಬಿ ಕಟ್ಟಿಸಿಕೊಂಡೆವು.

ಹಿರಿಯರು ಹೇಳಿದ ಎರಡು ಗಂಟೆಗೇ ಬಸ್ಸು ಹತ್ತಿದೆವು. ನಾಲ್ಕಕ್ಕೆ ಬಂದರಿನ ಗೇಟಿನಲ್ಲಿದ್ದೆವು.

ಬೇಲಿಯ ಒಳಬದಿ ನೆರಳಿನಲ್ಲಿ ಹತ್ತಾರು ಹುಡುಗರು ನೆಲದ ಮೇಲೆ ಕೂತಿದ್ದರು. ಫಿಲಿಪೀನ್ಸ್, ಇಂಡೋನೇಷ್ಯಾ, ಗೋವಾ, ಮಂಗಳೂರು. ಎಲ್ಲರ ಕಿವಿಯಲ್ಲೂ ಫೋನು. ನಮ್ಮ ಹುಡುಗನೂ ಅಲ್ಲಿದ್ದ, ಅಕ್ಕನೊಂದಿಗೆ ಮಾತಾಡುತ್ತಿದ್ದ. ಬೆಳಿಗ್ಗೆ ಐದರಿಂದ ಅಡುಗೆಮನೆ, ನಡುವೆ ಎರಡು ಗಂಟೆ ಬಿಡುವು, ಮತ್ತೆ ರಾತ್ರಿಯ ತನಕ ಅಡುಗೆಮನೆ. ಎರಡು ಗಂಟೆಯಲ್ಲಿ ಗೇಟಿಗೆ ನಡೆದು ಬಂದು ತಿರುಗಿ ಹೋಗುವುದಕ್ಕೇ ಮುಕ್ಕಾಲು ಗಂಟೆ. ಉಳಿದದ್ದು ಮನೆಯ ಫೋನಿಗೆ.

ಹಡಗಿನ ಕೆಲಸಗಾರರಿಗೆ ದಡಕ್ಕಿಳಿಯುವ ಬಿಡುವು ಒಂದು ಹಕ್ಕು. 2006ರಲ್ಲಿ ಅಂಗೀಕಾರವಾಗಿ 2013ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆ ಅದನ್ನು ಹೇಳುತ್ತದೆ. ನಮ್ಮ ದೇಶವೂ 2015ರಲ್ಲಿ ಅದನ್ನು ಒಪ್ಪಿದೆ. ಅವರ ಆರೋಗ್ಯ, ನೆಮ್ಮದಿಗಾಗಿ ಬಿಡುವು ಕೊಡಬೇಕು, ಕೆಲಸದ ಅಗತ್ಯಕ್ಕೆ ಹೊಂದುವಂತೆ ಕೊಡಬೇಕು ಎಂದಿದೆ. ಹಕ್ಕು ಸೋರಿಹೋಗುವುದು ಆ ಕೊನೆಯ ಮಾತಿನಲ್ಲಿ. ಕೆಲಸದ ಅಗತ್ಯ ಯಾವತ್ತು ಮುಗಿಯುತ್ತದೆ? ಎರಡೂವರೆ ಸಾವಿರ ಜನ ಊರು ನೋಡಿ ಹಸಿದು ಬರುವ ಸಂಜೆಗೆ ಈರುಳ್ಳಿ ಹೆಚ್ಚುವವರು ಬೇಕು. 2020ರಲ್ಲಿ ಕೊರೋನಾ ಬಂದಾಗ ಪ್ರಯಾಣಿಕರನ್ನು ಇಳಿಸಿದ ಮೇಲೂ ಸಾವಿರಾರು ಕೆಲಸಗಾರರು ತಿಂಗಳುಗಟ್ಟಲೆ ಹಡಗುಗಳಲ್ಲೇ ಉಳಿದರು. ನಮ್ಮ ಹುಡುಗನೂ ಮೂರು ತಿಂಗಳು ದಡವನ್ನು ಕಣ್ಣಲ್ಲೇ ನೋಡುತ್ತಾ ಕೂತಿದ್ದ. ಆ ದಿನಗಳಲ್ಲಿ ಅಕ್ಕ ಫೋನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ನಾವು ಅವನ ರಿಯಾಯಿತಿಯಲ್ಲಿ ಬಂದವರು. ಎಕ್ಸ್‌ನ ಮರದ ನೆರಳು ನಮಗೆ ಸಿಕ್ಕಿದ್ದು ಅವನ ದುಡಿಮೆಯಿಂದ. ಬೇಲಿಯ ಬಳಿ ಅವನ ಪಕ್ಕದಲ್ಲೇ ಕೂತು ಡಬ್ಬಿ ತೆರೆದೆವು. ಅವನು ಒಂದು ತಿಂದು, ಉಳಿದದ್ದನ್ನು ಸುತ್ತಲಿದ್ದವರಿಗೆ ಹಂಚಿದ. “ಬಹಳ ಸಿಹಿ ಖಾಲಾ, ಸಕ್ಕರೆ ಸ್ವಲ್ಪ ಕಡಿಮೆ ಹಾಕಬಹುದಿತ್ತು” ಎಂದ, ಅಡುಗೆಯವನಲ್ಲವೇ!

ನಕ್ಷೆಯ ಹಿಂದೆ ಕನ್ನಡದಲ್ಲೇ ದಾರಿ ಬರೆದು ಅವನಿಗೆ ಕೊಟ್ಟು ಬಂದೆವು. ಎಕ್ಸ್ ಅವನ ಬಿಡುವಿಗೆ ನಿಲುಕುವುದಿಲ್ಲವೆಂದು ಗೊತ್ತಿತ್ತು, ಜೋಲಿಯೆಟ್ ಮತ್ತು ಹಳೆಯ ಬಂದರಿನ ತನಕ ಮಾತ್ರ ಬರೆದೆವು. ನಾವು ಊರಿಗೆ ಮರಳಿ ಮೂರು ವಾರವಾಗಿತ್ತು. ಒಂದು ಮಧ್ಯಾಹ್ನ ಅವನ ಫೋನು ಬಂತು. ಯಾರೋ ಗೆಳೆಯ ಪಾಳಿ ಬದಲಿಸಿಕೊಟ್ಟು ನಾಲ್ಕು ಗಂಟೆ ಬಿಡುವು ಸಿಕ್ಕಿತ್ತಂತೆ. ಹಿಂದೆ ಲಾರಿಗಳ ಸದ್ದು ಕೇಳುತ್ತಿತ್ತು.

“ಖಾಲಾ, ಗೇಟಿನಾಚೆ ಇದ್ದೀನಿ. ಹಸಿರು ಗೆರೆ ಇಲ್ಲಿಗೆ ಮುಗೀತು. ಬಸ್ಸು ಮೂವತ್ತೈದೇ ಅಲ್ವಾ?”

ಹೌದು ಬೇಟಾ, ಮೂವತ್ತೈದೇ ಎಂದೆವು.