ಶ್ರೀಮಂಗಲದ ಮಳೆಯೂ ಹಳೆಯ ಕಬ್ಬಿಣವೂ

ಗೋಣಿಕೊಪ್ಪಲಿನಿಂದ ಕುಟ್ಟಕ್ಕೆ ಹೋಗುವ ದಾರಿಯಲ್ಲಿ ಶ್ರೀಮಂಗಲವು ದೊರೆಯುತ್ತದೆ. ಇರ್ಪಿನಲ್ಲಿ ಧುಮುಕಿದ ಲಕ್ಷ್ಮಣತೀರ್ಥವನ್ನು ಕಂಡು ಹಿಂದಿರುಗುವುದು ಯಾತ್ರಿಕರ ವಾಡಿಕೆ. ನಾವು ನೋಡಹೋದುದಾದರೋ ಕಾಫಿತೋಟವೊಂದರ ಹಳೆಯ ಕಬ್ಬಿಣದ ಉಗ್ರಾಣವನ್ನು. ಅದನ್ನು ಕೆಡವಿ ತೂಕಕ್ಕೆ ಮಾರುವುದೋ ಉಳಿಸಿಕೊಳ್ಳುವುದೋ ಎಂದು ಆ ಮನೆಯವರಲ್ಲಿ ಚರ್ಚೆ ನಡೆದಿತ್ತು.

ಕೊಡಗಿನಲ್ಲಿ ಐರೋಪ್ಯರ ಕಾಫಿತೋಟಗಳು 1854ರಲ್ಲಿ ಮಡಿಕೇರಿಯ ಬಳಿ ಮೊದಲಾದುವು. ಬಳಿಕ ಯಂತ್ರಗಳೊಡನೆ ಸೀಮೆಯ ಕಬ್ಬಿಣವೂ ಘಟ್ಟವನ್ನೇರಿತು. ಇಲ್ಲಿಯ ತೊಲೆಯೊಂದರ ಮೇಲೆ ಡಾರ್ಮನ್ ಲಾಂಗ್ ಎಂಬ ಹೆಸರು ಉಬ್ಬಕ್ಷರಗಳಲ್ಲಿದೆ. 1932ರಲ್ಲಿ ತೆರೆದ ಸಿಡ್ನಿಯ ಮಹಾಸೇತುವೆಯನ್ನು ಕಟ್ಟಿದವರೂ ಈ ಕಂಪೆನಿಯವರೇ. ಇಂತಹ ಗುರುತು ಅಲಂಕಾರಮಾತ್ರವಲ್ಲ. ತೊಲೆಯ ಅಳತೆಯನ್ನು ತಯಾರಕರ ಹಳೆಯ ಪಟ್ಟಿಗಳೊಡನೆ ಹೋಲಿಸಿದರೆ ಅದರ ಕಾಲವನ್ನೂ ಬಲವನ್ನೂ ಊಹಿಸಬಹುದು.

ಜೊತೆಗೆ ಬಂದ ಇಂಜಿನಿಯರರು ಛಾವಣಿಯ ಕಡೆ ನೋಡದೆ ಮೊದಲು ಕಂಬಗಳ ಬುಡವನ್ನು ಕೆದಕಿದರು. ಮಳೆಯ ನೀರು ನಿಲ್ಲುವುದು ಅಲ್ಲಿಯೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಮಡಿ ಹೆಚ್ಚು ಸ್ಥಳವನ್ನು ಬೇಡುವುದರಿಂದ, ರಿವೆಟ್ಟು ಹೊಡೆದ ತಗಡುಗಳನ್ನು ಒಳಗಿನಿಂದಲೇ ಬಿರಿಯಿಸುತ್ತದೆ. ಅದನ್ನು ಕೆರೆದ ಮೇಲೆ ಉಳಿದ ದಪ್ಪವನ್ನು ಅಳೆದು ಲೆಕ್ಕ ಮಾಡಬೇಕೇ ಹೊರತು ಮೂಲದ ದಪ್ಪವನ್ನು ನಂಬಲಾಗದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟಾದುದರಿಂದ ಕೆರೆಯುವಾಗ ಮಕ್ಕಳನ್ನು ದೂರವಿಡತಕ್ಕದ್ದು.

ಬೆಸುಗೆಯ ವಿಷಯದಲ್ಲಿ ಅವರು ಅವಸರಪಡಲಿಲ್ಲ. ಪುರಾತನ ಲೋಹದಲ್ಲಿ ಗಂಧಕ, ರಂಜಕಗಳು ಮಿತಿಮೀರಿದ್ದರೆ ಬೆಸೆದ ಜಾಗವು ಸೀಳುವುದು. ಆದುದರಿಂದ ಭಾರ ಕಡಮೆಯಿರುವ ಕಡೆಯಿಂದ ಒಂದು ಚೂರನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಬೇಕು. ಸಂದೇಹವಿದ್ದಲ್ಲಿ ಸಡಿಲವಾದ ರಿವೆಟ್ಟಿನ ಸ್ಥಾನದಲ್ಲಿ ಬಿಗಿಯಾದ ಬೋಲ್ಟೇ ಲೇಸು. ಕೊಳೆತ ಬುಡವನ್ನು ಕತ್ತರಿಸುವ ಮುನ್ನ ಮೇಲಿನ ಭಾರವನ್ನು ಊರೆಗಳ ಮೇಲೆ ಹೊರಿಸುವುದು ಅವಶ್ಯಕ.

ನಿಜವಾದ ಅಪಾಯವು ತುಕ್ಕಿನಲ್ಲಿರಲಿಲ್ಲ! ಗಾಡಿ ಒಳಬರಲೆಂದು ಹಿಂದೆ ಯಾರೋ ಒಂದು ಓರೆಪಟ್ಟಿಯನ್ನು ಕತ್ತರಿಸಿ ಬಾಗಿಲನ್ನಿಟ್ಟಿದ್ದರು. ಅದು ಕಂಬಗಳ ನಡುವೆ ವ್ಯರ್ಥವಾಗಿ ನಿಂತ ಸರಳಿನಂತೆ ತೋರಿರಬೇಕು. ಆದರೆ ಗಾಳಿಯ ತಳ್ಳುವಿಕೆಯನ್ನು ನೆಲಕ್ಕೆ ಇಳಿಸುವುದು ಆ ಓರೆಪಟ್ಟಿಯೇ. ಹಗುರವಾದ ತಗಡಿನ ಛಾವಣಿಯನ್ನು ಗಾಳಿಯು ಮೇಲಕ್ಕೂ ಸೆಳೆಯುವುದು. ಆಗ ಕಂಬವನ್ನು ತಳಹದಿಗೆ ಹಿಡಿದಿಟ್ಟ ಬೋಲ್ಟುಗಳೇ ಗತಿ.

2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಬ್ಬಿಣದ ಗೋಪುರಗಳ ಮುಂದೆಯೂ ಇದೇ ಪ್ರಶ್ನೆಯಿದೆ. ಅಲ್ಲಿ ಒಣಹವೆ, ಇಲ್ಲಿ ಮುಂಗಾರು ಕಾಯುವುದಿಲ್ಲ.

ಸಂಜೆಯ ಕಾಫಿಯ ಹೊತ್ತಿಗೆ ಕೆಡವುವ ಮಾತು ನಿಂತು, ಬಾಗಿಲನ್ನು ಯಾವ ಗೋಡೆಗೆ ಸರಿಸುವುದೆಂಬ ಚರ್ಚೆ ಆರಂಭವಾಗಿತ್ತು.