ದಮ್ಮು ಹತ್ತಿದ ಕಾರು



ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ಸಂಡೂರು ಸೀಮೆಯ ರಸ್ತೆಗಳನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಬೇವಿನ ಎಲೆ, ಮನೆಯ ಗೋಡೆ, ಒಗೆದು ಹರವಿದ ಬಿಳಿಯ ಬಟ್ಟೆ, ಎಲ್ಲಕ್ಕೂ ಅಲ್ಲಿ ಕೆಂಪು ಧೂಳಿನ ಲೇಪವಿರುತ್ತದೆ. ಆ ಕಡೆ ನಾನು ಸೇವೆಯಲ್ಲಿದ್ದಾಗ ನನ್ನ ಬಳಿ ಒಂದು ಹೈಬ್ರಿಡ್ ಕಾರಿತ್ತು. ವಿದೇಶಕ್ಕೆ ಹೊರಟ ನನ್ನ ತಮ್ಮ, “ಅಣ್ಣಾ, ಇದು ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ನೀನೇ ಇಟ್ಟುಕೋ” ಎಂದು ಒಪ್ಪಿಸಿ ಹೋಗಿದ್ದ.

ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವುದೇ ಹೈಬ್ರಿಡ್ ಕಾರು. 1997ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಈ ಬಗೆಯ ಕಾರುಗಳು ಇಂದು ನಮ್ಮ ಬಿಡದಿಯಲ್ಲೂ ತಯಾರಾಗುತ್ತಿವೆ. ನಿಧಾನವಾಗಿ ಸಾಗುವಾಗ ಎಂಜಿನ್ ತಾನಾಗಿ ನಿಲ್ಲುತ್ತದೆ, ಮೋಟಾರು ಸದ್ದಿಲ್ಲದೆ ಕಾರನ್ನು ಮುನ್ನಡೆಸುತ್ತದೆ. ಓಡಿದ ದೂರದಲ್ಲೆಲ್ಲ ಎಂಜಿನ್ ದುಡಿದಿರುವುದಿಲ್ಲವಲ್ಲ, ಅದಕ್ಕೆ ಆರೈಕೆಯೂ ಕಡಿಮೆ ಸಾಕೆಂದು ನಾನು ಭಾವಿಸಿದ್ದೆ. ಗಾಳಿ ಶೋಧಕ, ಅಂದರೆ ಏರ್ ಫಿಲ್ಟರ್, ಇರುವ ಪೆಟ್ಟಿಗೆಯನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಒಂದು ರಾತ್ರಿ ಹಳ್ಳಿಯೊಂದರಿಂದ ಕರೆ ಬಂತು. ಅಜ್ಜಿಯೊಬ್ಬರಿಗೆ ಉಸಿರಾಟ ಕಷ್ಟವಾಗಿತ್ತು. ಅವರನ್ನು ಮಗನೊಡನೆ ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಆಸ್ಪತ್ರೆಯತ್ತ ಹೊರಟೆ. ಸಮತಟ್ಟಿನ ದಾರಿಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಉದ್ದನೆಯ ಏರು ಬಂದಾಗ ಬ್ಯಾಟರಿಯ ಶಕ್ತಿ ಇಳಿಯಿತು. ಭಾರವೆಲ್ಲ ಎಂಜಿನ್ನಿನ ಮೇಲೆ ಬಿತ್ತು. ಎಷ್ಟು ಒತ್ತಿದರೂ ಅದು ಅಬ್ಬರಿಸಿತೇ ಹೊರತು ವೇಗ ಹಿಡಿಯಲಿಲ್ಲ. ಹಿಂದಿನಿಂದ ಅಜ್ಜಿಯ ತುಂಡು ತುಂಡಾದ ದನಿ ಕೇಳಿಸಿತು: “ಫಾದರ್, ನಿಮ್ಮ ಗಾಡಿಗೂ ನನ್ನಂಗ ದಮ್ಮು ಹತ್ತೈತೇನ್ರಿ?”

ಆಸ್ಪತ್ರೆ ತಲುಪಿದೆವು, ಅಜ್ಜಿ ಚೇತರಿಸಿಕೊಂಡರು. ಆದರೆ ಆ ಏರಿನಲ್ಲಿ ಕಳೆದ ನಿಮಿಷಗಳನ್ನು ನಾನಿನ್ನೂ ಮರೆತಿಲ್ಲ.

ಮರುದಿನ ಗ್ಯಾರೇಜಿನಲ್ಲಿ ದುಡಿಯುವ ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಬಂದ. ಮೊದಲು ಕಾರನ್ನು ಪೂರ್ತಿ ಆರಿಸಿ, ಕೀಲಿಯನ್ನು ದೂರವಿಡಿಸಿದ. ಹೈಬ್ರಿಡ್ ಕಾರು ಸದ್ದಿಲ್ಲದೆ ನಿಂತಿದ್ದರೂ ಚಾಲನೆಯ ಸ್ಥಿತಿಯಲ್ಲಿದ್ದರೆ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ಹೊತ್ತಿಕೊಳ್ಳಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಅಪಾಯಕರ ವಿದ್ಯುತ್ ಇರುವುದರಿಂದ ಅವನ್ನು ಮುಟ್ಟಬಾರದೆಂದೂ ಎಚ್ಚರಿಸಿದ. ಬಳಿಕ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲಿನ ಧೂಳನ್ನು ಒರೆಸಿ, ಕ್ಲಿಪ್ಪುಗಳನ್ನು ಬಿಡಿಸಿ, ಶೋಧಕವನ್ನು ಮೇಲೆತ್ತಿದ. ಬಿಳಿಯಾಗಿರಬೇಕಿದ್ದ ಕಾಗದದ ಮಡಿಕೆಗಳು ಇಟ್ಟಿಗೆಯಂತೆ ಕೆಂಪಗೆ ಗಟ್ಟಿಯಾಗಿದ್ದವು.

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಹೆಚ್ಚುಕಡಿಮೆ 14.7 ಕಿಲೋ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಅಷ್ಟೂ ಗಾಳಿ ಈ ಕಾಗದದ ಮೂಲಕವೇ ಹಾದುಹೋಗಬೇಕು. “ಮೈಲೇಜ್ ಚೆನ್ನಾಗಿಯೇ ಇತ್ತಲ್ಲಪ್ಪಾ?” ಎಂದೆ. ಅದೂ ಒಂದು ಮೋಸವೇ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿ ಕಂಡುಕೊಂಡಂತೆ, ಇಂದಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಶೋಧಕ ಕಟ್ಟಿಕೊಂಡರೂ ಮೈಲೇಜ್ ಅಷ್ಟಾಗಿ ಇಳಿಯುವುದಿಲ್ಲ, ಕುಗ್ಗುವುದು ವೇಗ ಹಿಡಿಯುವ ಶಕ್ತಿ. ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಗಣಕವು ಹನಿಸುವುದರಿಂದ ಲೆಕ್ಕದಲ್ಲಿ ಕೊರತೆ ಕಾಣದು. ಉಳಿದ ಕುಂದನ್ನು ದಿನನಿತ್ಯ ಮೋಟಾರು ಮುಚ್ಚಿಡುತ್ತಿತ್ತು.

“ಗಾಳಿ ಹೊಡೆದು ಇದನ್ನೇ ಹಾಕಬಹುದಲ್ಲ?” ಎಂದು ಕೇಳಿದೆ. ಅವನು ಒಪ್ಪಲಿಲ್ಲ. ರಭಸದ ಗಾಳಿಗೆ ಕಾಗದ ಹರಿದರೆ ಕಣ್ಣಿಗೆ ಕಾಣದ ರಂಧ್ರದಿಂದ ಧೂಳು ಒಳಹೊಕ್ಕು ಎಂಜಿನ್ನನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಪೆಟ್ಟಿಗೆಯೊಳಗಿನ ಮಣ್ಣನ್ನು ಒದ್ದೆ ಬಟ್ಟೆಯಿಂದ ತೆಗೆದು, ಹೊಸ ಶೋಧಕದ ರಬ್ಬರ್ ಅಂಚು ಎಲ್ಲ ಕಡೆಯೂ ಸರಿಯಾಗಿ ಕೂರುವಂತೆ ಇರಿಸಿ ಕ್ಲಿಪ್ಪು ಹಾಕಿದ. ಹತ್ತು ನಿಮಿಷದ ಕೆಲಸ. ಕೈಪಿಡಿ ಹೇಳುವ ಕಿಲೋಮೀಟರುಗಳು ಸಾಧಾರಣ ರಸ್ತೆಗೆ ಸಂಬಂಧಿಸಿದವು, ಧೂಳಿನ ದಾರಿಯವರು ಅದಕ್ಕಿಂತ ಬೇಗ ತೆರೆದು ನೋಡಬೇಕು. ಹಿಂದಿನ ಆಸನದ ಬಳಿ ಬ್ಯಾಟರಿಗೆ ತಂಪು ಗಾಳಿ ಒಯ್ಯುವ ಕಿಂಡಿ ಇದ್ದರೆ ಅದನ್ನೂ ಚೊಕ್ಕಟವಾಗಿಡಬೇಕು.

ಅಜ್ಜಿ ಮನೆಗೆ ಮರಳಿದ ಮೇಲೆ ಹೋಗಿ, “ಗಾಡಿಯ ದಮ್ಮು ವಾಸಿಯಾಯಿತಮ್ಮಾ, ಫಿಲ್ಟರ್ ಬದಲಿಸಿದೆ” ಎಂದೆ. ಅವರು ನಕ್ಕರು. “ನಂದೂ ಬದಲಿ ಮಾಡಾಕ ಬರ್ತೈತೇನ್ರಿ?” ಎಂದರು.

ನನ್ನ ಬಳಿ ಉತ್ತರವಿರಲಿಲ್ಲ. ತಲೆಯೆತ್ತಿ ನೋಡಿದೆ. ಕಿಟಕಿಯಿಲ್ಲದ ಅಡುಗೆಮನೆ, ಸೌದೆಯ ಒಲೆ, ಮಸಿ ಹಿಡಿದ ಸೂರು. ಎಷ್ಟೋ ಸಲ ಆ ಮನೆಯ ಚಹಾ ಕುಡಿದಿದ್ದೆ. ಆ ಹೊಗೆ ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ವಾರವೇ ಊರಿನ ಯುವಕರು ಗೋಡೆ ಒಡೆದು ಒಂದು ಕಿಟಕಿ ಇಟ್ಟರು. ಅಜ್ಜಿಯ ಕಾಯಿಲೆ ಅದರಿಂದ ಗುಣವಾಗಲಿಲ್ಲ, ಹೊಗೆಗೆ ಹೊರಹೋಗಲು ದಾರಿಯಾಯಿತು, ಅಷ್ಟೆ.

ಓದುಗರೇ, ಈ ವಾರ ಬಿಡುವಾದಾಗ ನಿಮ್ಮ ಕಾರಿನ ಆ ಕಪ್ಪು ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ. ಹಾಗೆಯೇ, ಎಲ್ಲವೂ ಸರಿಯಾಗಿದೆಯೆಂದು ನೀವು ನಂಬಿಕೊಂಡಿರುವ ಒಂದು ಮನೆಯ ಬಾಗಿಲನ್ನೂ ತಟ್ಟಿ ಬನ್ನಿ.